ಸ್ಟ್ರಕ್ಚರಲ್ ಆಫೀಸಲ್ಲಿ ಕೆಲ್ಸ ಹೆಂಗಿರುತ್ತೆ? ಮೈಸೂರಿಂದ ಒಂದಷ್ಟು ಪದೇ ಪದೇ ಕೇಳೋ ಪ್ರಶ್ನೆಗಳು

ಪ್ರತಿ ವರ್ಷ ಫೈನಲ್ ಇಯರ್ ಎಕ್ಸಾಮ್ ಮುಗೀತಿದ್ದಂಗೆ ನನಗೆ ಫೋನ್ ಬರೋಕೆ ಶುರುವಾಗುತ್ತೆ. ಅಕ್ಕ ನಿಮ್ಮ ಲೈನ್‌ಗೆ ಬರ್ಬೋದಾ, ಸಂಬಳ ಎಷ್ಟು, ಬೆಂಗಳೂರಿಗೆ ಹೋಗ್ಲಾ ಇಲ್ಲೇ ಇರ್ಲಾ, ಎಲ್ಲರದ್ದೂ ಹೆಚ್ಚು ಕಮ್ಮಿ ಅದೇ ಪ್ರಶ್ನೆ. ನಾನು ಮಂಡ್ಯ ಕಡೆಯವಳು, 2012ರಿಂದ ಮೈಸೂರಲ್ಲಿ ಸ್ಟ್ರಕ್ಚರಲ್ ಡಿಸೈನ್ ಕೆಲ್ಸ ಮಾಡ್ತಾ ಇದೀನಿ, ಈಗ ಇರೋದು ಎರಡನೇ ಆಫೀಸು. ಫೋನಲ್ಲಿ ಅರ್ಧಂಬರ್ಧ ಹೇಳೋದಕ್ಕಿಂತ ಒಂದೇ ಸಲ ಕೂತು ಬರೆಯೋಣ ಅನ್ನಿಸ್ತು.

ಎಂಜಿನಿಯರಿಂಗ್ ಕಂಪನಿ ಅಂತೀರಲ್ಲ, ಅಲ್ಲಿ ಏನ್ ಮಾಡ್ತೀರಾ?

ಮನೆ ಕಟ್ಟಿಸೋರೂ ಆರ್ಕಿಟೆಕ್ಟೂ ಕೂತ್ಕೊಂಡು ಹಾಲ್ ಎಲ್ಲಿ, ದೇವರಮನೆ ಎಲ್ಲಿ, ಮೆಟ್ಟಿಲು ಯಾವ ಕಡೆ ಅಂತ ತೀರ್ಮಾನ ಮಾಡಿ ಒಂದು ಪ್ಲಾನ್ ಕಳಿಸ್ತಾರೆ. ಆ ಪ್ಲಾನ್ ನಿಲ್ಲೋ ಹಂಗೆ ಮಾಡೋದು ನಮ್ಮ ಕೆಲ್ಸ. ಪಾಯ ಎಷ್ಟು ಅಗಲ, ಪಿಲ್ಲರ್ ಎಲ್ಲೆಲ್ಲಿ, ಬೀಮ್ ಎಷ್ಟು ಆಳ, ಯಾವ ಕಂಬಿ ಎಷ್ಟು, ಎಷ್ಟೆಷ್ಟು ದೂರಕ್ಕೆ, ಇದನ್ನೆಲ್ಲ ಲೆಕ್ಕ ಹಾಕಿ ಡ್ರಾಯಿಂಗ್ ಮಾಡಿ ಕೊಡ್ತೀವಿ.

ನಮ್ಮೂರಲ್ಲಿ ಮನೆ ಲೆಕ್ಕ ಮಾತಾಡೋದು ಚದರದಲ್ಲಿ ತಾನೆ, ಹಂಗೇ ಹೇಳ್ತೀನಿ. 5 ಇಂಚು ದಪ್ಪದ ಸ್ಲಾಬ್ ಒಂದು ಚದರಕ್ಕೆ, ಅಂದ್ರೆ 100 ಚದರಡಿಗೆ, ಹತ್ತತ್ರ 3 ಟನ್ ತೂಗುತ್ತೆ, ಬರೀ ಸ್ಲಾಬು, ಗೋಡೆ ಇಲ್ಲ ಟೈಲ್ಸ್ ಇಲ್ಲ ಜನ ಇಲ್ಲ. ಅದರ ಮೇಲೆ 2000 ಲೀಟರ್ ನೀರಿನ ಟ್ಯಾಂಕ್ ಇಟ್ರೆ ಇನ್ನೊಂದು 2 ಟನ್. ಇಷ್ಟು ಭಾರ ಬೀಮಿಂದ ಪಿಲ್ಲರಿಗೆ, ಪಿಲ್ಲರಿಂದ ಪಾಯಕ್ಕೆ, ಪಾಯದಿಂದ ಮಣ್ಣಿಗೆ ಹೋಗೋ ದಾರಿ ಎಲ್ಲೂ ತಪ್ಪಬಾರ್ದು, ಆ ದಾರಿ ಕಾಯೋರು ನಾವು.

ದಿನ ಹೆಂಗಿರುತ್ತೆ?

ಬೆಳಿಗ್ಗೆ ಮಂಡ್ಯದಿಂದ ಟ್ರೈನು, ಒಂಬತ್ತೂವರೆಗೆ ಆಫೀಸು. ಮುಕ್ಕಾಲು ದಿನ ಕಂಪ್ಯೂಟರ್ ಮುಂದೆ, ಸ್ಟಾಡ್, ಈಟ್ಯಾಬ್ಸ್, ಆಟೋಕ್ಯಾಡ್ ಅಂತ ಲೆಕ್ಕ, ಡ್ರಾಯಿಂಗ್ ಮಾಡೋ ಸಾಫ್ಟ್‌ವೇರ್‌ಗಳಲ್ಲಿ. ವಾರದಲ್ಲಿ ಎರಡು ಮೂರು ದಿನ ಸೈಟು, ಕಂಬಿ ಕಟ್ಟಿದ ಮೇಲೆ ಕಾಂಕ್ರೀಟ್ ಹಾಕೋಕೆ ಮುಂಚೆ ಹೋಗಿ ನೋಡ್ಲೇಬೇಕು, ಯಾಕಂದ್ರೆ ಆಮೇಲೆ ಯಾರಿಗೂ ಏನೂ ಕಾಣಲ್ಲ. ಮಧ್ಯೆ ಮಧ್ಯೆ ಫೋನು, ವಾಟ್ಸಾಪಲ್ಲಿ ಫೋಟೋ, "ಮೇಡಂ ಈ ಕಂಬಿ ಸಾಕಾ" ಅಂತ. ಫೋಟೋ ನೋಡಿ ಹೂಂ ಅನ್ನೋ ಅಭ್ಯಾಸ ಮಾತ್ರ ಮಾಡ್ಕೋಬೇಡಿ, ಫೋಟೋದಲ್ಲಿ 12 ಎಂಎಂ ಕಂಬಿಗೂ 16 ಎಂಎಂ ಕಂಬಿಗೂ ವ್ಯತ್ಯಾಸ ಗೊತ್ತಾಗಲ್ಲ.

ಸಂಬಳ?

ಕಮ್ಮಿ. ನಾನು ಸೇರಿದಾಗ 9 ಸಾವಿರ, ಮನೇಲಿ ಅಪ್ಪ ಒಂದು ಮಾತೂ ಆಡ್ಲಿಲ್ಲ ಆದ್ರೆ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ನನ್ನ ಜೊತೆ ಓದಿ ಇಲ್ಲೇ ಮೈಸೂರಿನ ಹೆಬ್ಬಾಳದ ಕಡೆ ಸಾಫ್ಟ್‌ವೇರ್ ಕ್ಯಾಂಪಸ್‌ಗೆ ಟ್ರೈನಿಂಗಿಗೆ ಹೋದೋರಿಗೆ ಅದರ ಎರಡರಷ್ಟಕ್ಕಿಂತ ಜಾಸ್ತಿ ಬರ್ತಿತ್ತು. ಈಗ ನಮ್ಮಲ್ಲಿ ಹೊಸಬರಿಗೆ 18, 20 ಸಾವಿರ ಕೊಡ್ತಾರೆ, ಐದಾರು ವರ್ಷ ಆದ ಮೇಲೆ ಪರವಾಗಿಲ್ಲ ಅನ್ನೋ ಹಂಗಾಗುತ್ತೆ, ಹತ್ತು ವರ್ಷ ದಾಟಿ ಸ್ವಂತ ಹೆಸರು ಮಾಡಿದ್ರೆ ಚೆನ್ನಾಗಿರುತ್ತೆ. ಮೊದಲ ಮೂರು ವರ್ಷ ಕಷ್ಟ, ಇದನ್ನ ಮುಚ್ಚಿಟ್ಟು ಯಾರನ್ನೂ ಈ ಕೆಲ್ಸಕ್ಕೆ ಕರೆಯೋಕೆ ನನಗೆ ಮನಸ್ಸಿಲ್ಲ.

ಸೇರೋ ಮುಂಚೆ ಒಂದು ವಿಷಯ ವಿಚಾರಿಸಿ. 20 ಜನಕ್ಕಿಂತ ಕಮ್ಮಿ ಇರೋ ಆಫೀಸಿಗೆ ಪಿಎಫ್ ಕಡ್ಡಾಯ ಇಲ್ಲ, ಮೈಸೂರಲ್ಲಿ ಸುಮಾರು ಕನ್ಸಲ್ಟೆನ್ಸಿಗಳು ಏಳೆಂಟು ಜನರವು, ಅಲ್ಲಿ ಕೈಗೆ ಬರೋ ಸಂಬಳನೇ ಎಲ್ಲ ಅಂದ್ಕೊಂಡು ನೀವೇ ಉಳಿಸ್ಕೋಬೇಕು.

ಇಷ್ಟೆಲ್ಲ ಇದ್ರೂ ಯಾಕೆ ಇದೀರಾ? ಖುಷಿ ಕೊಡೋದು ಏನು?

ಇದಕ್ಕೆ ಉದ್ದ ಉತ್ತರ ಇದೆ.

ಮೊದಲನೇದು, ಲೆಕ್ಕ ಕಣ್ಣೆದುರು ನಿಲ್ಲುತ್ತೆ. ಎಂ 25 ಕಾಂಕ್ರೀಟ್ ಅಂತ ಕಾಲೇಜಲ್ಲಿ ನೂರು ಸಲ ಬರೆದಿದ್ದೆ, ಆದ್ರೆ ಅದರರ್ಥ ಗೊತ್ತಾಗಿದ್ದು ಮೊದಲ ಸಲ ಕ್ಯೂಬ್ ಟೆಸ್ಟ್ ನೋಡಿದ ದಿನ. 150 ಎಂಎಂ ಕ್ಯೂಬು, ಅಂದ್ರೆ ಅರ್ಧ ಅಡಿ ಉದ್ದ ಅರ್ಧ ಅಡಿ ಅಗಲ ಅರ್ಧ ಅಡಿ ಎತ್ತರ, ಮಗು ತಲೆದಿಂಬಿನಷ್ಟೂ ಇಲ್ಲ, 28 ದಿನ ನೀರಲ್ಲಿಟ್ಟು ತೆಗೆದು ಮೆಷಿನ್ನಿಗೆ ಇಟ್ರೆ ಎಂ 25 ಅನ್ನಿಸ್ಕೊಳೋಕೆ ಅದು ಹತ್ತತ್ರ 57 ಟನ್ ತಡೀಬೇಕು. ಸೂಜಿ ಮೇಲೆ ಹೋಗ್ತಾ ಹೋಗ್ತಾ 50 ದಾಟಿ, 57 ದಾಟಿ, ಇನ್ನೂ ಮುಂದೆ ಹೋಗಿ ಪಟ್ ಅಂತ ಒಡೀತು, ಲ್ಯಾಬಲ್ಲಿದ್ದೋರಿಗೆ ಅದು ದಿನದ ಕೆಲ್ಸ, ನನಗೆ ಮೈ ಜುಂ ಅಂದಿತ್ತು.

ಎರಡನೇದು, ಊರಲ್ಲಿ ಓಡಾಡುವಾಗ ಸಿಗೋ ಖುಷಿ. ಬೋಗಾದಿ ರೋಡಲ್ಲಿ ಒಂದು ಮೂರಂತಸ್ತಿನ ಮನೆ ಇದೆ, ನಾನು ಒಬ್ಬಳೇ ಪೂರ್ತಿ ಡಿಸೈನ್ ಮಾಡಿದ ಮೊದಲ ಬಿಲ್ಡಿಂಗ್. ಆ ಮನೆಯೋರಿಗೆ ನಾನು ಯಾರು ಅಂತಾನೂ ಗೊತ್ತಿಲ್ಲ. ಒಂದಿನ ಸಂಜೆ ಆ ಕಡೆ ಹೋದಾಗ ಬಾಲ್ಕನೀಲಿ ಒಬ್ರು ಅಜ್ಜಿ ಕೂತು ಹೂ ಕಟ್ತಾ ಇದ್ರು, ಮಗು ರೇಲಿಂಗ್ ಹಿಡ್ಕೊಂಡು ಕುಣೀತಿತ್ತು, ಆ ಬಾಲ್ಕನಿಯ ಒಂದೊಂದು ಕಂಬಿನೂ ನನಗೆ ಗೊತ್ತು. ಸ್ಕೂಟರ್ ನಿಲ್ಸಿ ಎರಡು ನಿಮಿಷ ನೋಡಿ ಬಂದೆ. ಅವತ್ತು ಮನೆಗೆ ಬಂದು ಅಪ್ಪಂಗೆ ಹೇಳಿದ್ದಕ್ಕೆ ಅವರೂ ಒಂದಿನ ಬಂದು ನೋಡ್ಕೊಂಡು ಹೋದ್ರು.

ಆಮೇಲೆ ಆಯುಧ ಪೂಜೆ. ಊರಿಗೆಲ್ಲ ದಸರಾ, ನಮ್ಮ ಆಫೀಸಲ್ಲಿ ಪ್ಲಾಟರ್, ಟೇಪು, ಲೆವೆಲ್ಲು, ಹಳೇ ಡ್ರಾಯಿಂಗ್ ಬೋರ್ಡು ಎಲ್ಲದಕ್ಕೂ ಅರಿಶಿನ ಕುಂಕುಮ, ಹೊರಗೆ ಬೂದುಗುಂಬಳ. ಆವತ್ತು ಮೇಸ್ತ್ರಿಗಳು, ಬಾರ್ ಬೆಂಡರ್‌ಗಳು ಎಲ್ಲಾ ಬರ್ತಾರೆ, ಇಡೀ ವರ್ಷ ಸೈಟಲ್ಲಿ ವಾದ ಮಾಡಿದೋರೇ ಪಕ್ಕ ಕೂತು ಪುಳಿಯೋಗರೆ ತಿಂತಾರೆ.

ಅತಿ ಹೆಚ್ಚು ಬೇಜಾರಾಗೋದು ಯಾವುದಕ್ಕೆ?

ಜನ ನಮ್ಮ ಸೈನಿಗೆ ದುಡ್ಡು ಕೊಡ್ತಾರೆ, ಯೋಚನೆಗೆ ಕೊಡಲ್ಲ. ಇದೊಂದೇ ಮಾತಲ್ಲಿ ಎಲ್ಲ ಬಂತು. 30-40 ಸೈಟಲ್ಲಿ ಮನೆ ಕಟ್ಟಿಸುವಾಗ ಟೈಲ್ಸ್ ಆರಿಸೋಕೆ ಎರಡು ವಾರ, ಮಾಡ್ಯುಲರ್ ಕಿಚನ್‌ಗೆ ಲಕ್ಷಗಟ್ಲೆ, ಆದ್ರೆ ಸ್ಟ್ರಕ್ಚರಲ್ ಡ್ರಾಯಿಂಗ್ ನಾಳೆ ಸಂಜೆಗೆ ಬೇಕು, ಫೀಸಲ್ಲಿ ಚೌಕಾಸಿ, ಸ್ಲಾಬ್ ಮುಗೀತು ಅಂದ್ರೆ ಬಾಕಿ ದುಡ್ಡು ಕೇಳಿದ್ರೆ ಫೋನ್ ಎತ್ತಲ್ಲ.

ಇನ್ನೊಂದು, ಕೊನೇ ಗಳಿಗೆ ಬದಲಾವಣೆ. ಪಾಯ ಆಗಿರುತ್ತೆ, ಪಿಲ್ಲರ್ ಎದ್ದಿರುತ್ತೆ, ಆಗ ಯಾರೋ ನೆಂಟರು ಬಂದು ಹಾಲ್ ಮಧ್ಯೆ ಪಿಲ್ಲರ್ ಇರಬಾರ್ದು ವಾಸ್ತು ಸರಿ ಇಲ್ಲ ಅಂತಾರೆ. ಮನೆಯೋರು ಫೋನ್ ಮಾಡಿ "ಒಂದೇ ಒಂದು ಪಿಲ್ಲರ್ ತಾನೆ ಮೇಡಂ ತೆಗೆದ್ಬಿಡಿ, ಬೀಮಿಗೆ ಎರಡು ಕಂಬಿ ಜಾಸ್ತಿ ಹಾಕಿ" ಅಂತಾರೆ. ಎರಡು ಕಂಬಿಲಿ ಮುಗಿಯೋದಲ್ಲ ಅದು. ಎರಡು ತುದೀಲಿ ಕೂರಿಸಿದ ಬೀಮಿಗೆ ಬಾಗೋ ಒತ್ತಡ ಡಬ್ಲ್ಯು ಎಲ್ ಸ್ಕ್ವೇರ್ ಬೈ 8, ಡಬ್ಲ್ಯು ಅಂದ್ರೆ ಒಂದೊಂದು ಮೀಟರಿಗೆ ಬೀಳೋ ಭಾರ, ಎಲ್ ಅಂದ್ರೆ ಉದ್ದ. 4 ಮೀಟರ್ ಇದ್ದಿದ್ದು 8 ಮೀಟರ್ ಆದ್ರೆ ಉದ್ದ ಎರಡರಷ್ಟು, ಬಾಗೋ ಒತ್ತಡ ನಾಲ್ಕರಷ್ಟು, ಅದೇ ಸೈಜಿನ ಬೀಮ್ ಇಟ್ರೆ ಕೆಳಕ್ಕೆ ಜಗ್ಗೋದು 16ರಷ್ಟು. ಅದಕ್ಕೆ ಬೀಮ್ ಆಳ ಜಾಸ್ತಿ ಆಗ್ಬೇಕು, ಅಕ್ಕಪಕ್ಕದ ಪಿಲ್ಲರ್ ಮೇಲೆ ಭಾರ ಜಾಸ್ತಿ, ಆ ಪಿಲ್ಲರ್ ಕೆಳಗಿನ ಪಾಯ ಈಗಾಗ್ಲೇ ಹಾಕಿ ಮುಚ್ಚಿಯಾಗಿದೆ. ಇಷ್ಟನ್ನ ಸಮಾಧಾನವಾಗಿ ಹೇಳಿದ್ರೂ "ನಮ್ಮ ಮೇಸ್ತ್ರಿ ಆಗುತ್ತೆ ಅಂದ್ರು" ಅನ್ನೋ ಉತ್ತರ ಬಂದಾಗ ನಿಜವಾಗ್ಲೂ ಅಳು ಬಂದಿದ್ದುಂಟು.

ಮುಹೂರ್ತದ ಅವಸರ ಬೇರೆ. ಆಷಾಢದಲ್ಲಿ ಯಾರೂ ಗುದ್ದಲಿ ಪೂಜೆ ಮಾಡಲ್ಲ, ಗೃಹಪ್ರವೇಶನೂ ಇಲ್ಲ, ಶ್ರಾವಣ ಬಂದ ತಕ್ಷಣ ಎಲ್ಲ ಒಟ್ಟಿಗೆ. ನನಗೆ ಪೂಜೆ ಪುನಸ್ಕಾರದ ಮೇಲೆ ನಂಬಿಕೆ ಇದೆ, ಅದರ ಬಗ್ಗೆ ತಕರಾರಿಲ್ಲ. ಆದ್ರೆ ಮುಹೂರ್ತ ಹತ್ರ ಬಂತು ಅಂತ ಸೆಂಟ್ರಿಂಗ್ ಬೇಗ ಬಿಚ್ಚೋದಕ್ಕೆ ನಾನು ಒಪ್ಪಲ್ಲ. ಕಾಂಕ್ರೀಟ್ ಕೆಲ್ಸಕ್ಕೆ ನಮ್ಮ ದೇಶದ ನಿಯಮ ಇರೋ ಐಎಸ್ 456 ಕೋಡಲ್ಲಿ ಸ್ಪಷ್ಟವಾಗಿದೆ, ಸ್ಲಾಬ್ ಕೆಳಗಿನ ಆಸರೆ ನಾಲ್ಕೂವರೆ ಮೀಟರ್ ತನಕ ಆದ್ರೆ 7 ದಿನ, ಅದಕ್ಕಿಂತ ದೊಡ್ಡದಾದ್ರೆ 14 ದಿನ, ಬೀಮ್ ಕೆಳಗಿಂದು 6 ಮೀಟರ್ ತನಕ 14 ದಿನ, ಅದರ ಮೇಲೆ 21 ದಿನ, ಅದೂ ಕಮ್ಮಿ ಅಂದ್ರೆ. ಕಾಂಕ್ರೀಟಿಗೆ ಪಂಚಾಂಗ ಗೊತ್ತಿಲ್ಲ ಅಂತ ನಮ್ಮ ಸೀನಿಯರ್ ಹೇಳ್ತಿದ್ರು.

ತಪ್ಪು ಮಾಡಿದ್ರೆ ಏನಾಗುತ್ತೆ? ನೀವು ಮಾಡಿದೀರಾ?

ಮಾಡಿದೀನಿ. ಎರಡನೇ ವರ್ಷದಲ್ಲಿ ಒಂದು ಬಾಲ್ಕನಿ, ಪ್ಲಾನಲ್ಲಿ 3 ಅಡಿ ಆಚೆ ಚಾಚಿತ್ತು, ಆರ್ಕಿಟೆಕ್ಟ್ ಅದನ್ನ 5 ಅಡಿ ಮಾಡಿ ಕಳಿಸಿದ್ರು. ನಾನು ಪ್ಲಾನಲ್ಲಿ ಅಳತೆ ತಿದ್ದಿದೆ, ಕಂಬಿ ಟೇಬಲ್ ಹಳೇದೇ ಬಿಟ್ಟೆ. ಚಾಚಿದ ಸ್ಲಾಬಿಗೆ ಒತ್ತಡ ಉದ್ದದ ವರ್ಗದ ಲೆಕ್ಕದಲ್ಲಿ ಏರುತ್ತೆ, 9 ಇದ್ದಿದ್ದು 25, ಅಂದ್ರೆ ಎರಡೂಮುಕ್ಕಾಲರಷ್ಟು ಒತ್ತಡ, ಕಂಬಿ ಮಾತ್ರ ಹಳೇದು. ರಾತ್ರಿ ಏಳೂವರೆಗೆ ನಮ್ಮ ಸೀನಿಯರ್ ಕೆಂಪು ಪೆನ್ ಹಿಡ್ಕೊಂಡು ಶೀಟ್ ನೋಡ್ತಾ ನೋಡ್ತಾ ಅಲ್ಲಿ ನಿಂತ್ರು, ಕೆಂಪಲ್ಲಿ ಒಂದು ವೃತ್ತ ಎಳೆದ್ರು, ಬೈಲಿಲ್ಲ, "ಇದನ್ನ ಇನ್ನೊಂದ್ಸಲ ನೋಡಮ್ಮ" ಅಂದ್ರು ಅಷ್ಟೇ. ನನ್ನ ಕೈ ತಣ್ಣಗಾಗೋಯ್ತು. ಆ ಡ್ರಾಯಿಂಗ್ ಮಾರನೇ ದಿನ ಸೈಟಿಗೆ ಹೋಗೋದಿತ್ತು.

ಅವತ್ತಿಂದ ನನಗೆ ಒಂದು ವಿಷಯ ಖಚಿತವಾಯ್ತು. ಒಳ್ಳೇ ಆಫೀಸು ಅಂದ್ರೆ ಎಸಿ ಇರೋದಲ್ಲ, ದೊಡ್ಡ ಪ್ರಾಜೆಕ್ಟ್ ಇರೋದಲ್ಲ, ನಿಮ್ಮ ಡ್ರಾಯಿಂಗನ್ನ ಇನ್ನೊಬ್ರು ಕೂತು ಪೂರ್ತಿ ನೋಡೋ ಆಫೀಸು. ಡೆಡ್‌ಲೈನ್ ಹತ್ರ ಬಂದಾಗ ಮೊದಲು ಕತ್ತರಿ ಬೀಳೋದೂ ಅದಕ್ಕೇನೇ, ಯಾಕಂದ್ರೆ ಚೆಕ್ ಮಾಡಿದ್ದು ಬಿಲ್ಲಲ್ಲಿ ಕಾಣಲ್ಲ. ನಾನು ಮೊದಲ ಆಫೀಸು ಬಿಟ್ಟಿದ್ದೂ ಅದಕ್ಕೆ, ಆ ಸೀನಿಯರ್ ರಿಟೈರ್ ಆದ ಮೇಲೆ ಅಲ್ಲಿ ಕೆಂಪು ಪೆನ್ ಹಿಡಿಯೋರು ಯಾರೂ ಉಳೀಲಿಲ್ಲ, ಕೇಳಿದ್ರೆ ಸಾಫ್ಟ್‌ವೇರ್ ಪಾಸ್ ಅಂತ ತೋರಿಸ್ತಿದೆಯಲ್ಲ ಕಳ್ಸಿ ಅಂತಿದ್ರು.

ನಾನು ಕೆಲ್ಸಕ್ಕೆ ಸೇರಿದ 2012ರಲ್ಲೇ ಮೈಸೂರಿನ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಒಂದು ಭಾಗ ಕುಸಿದು ನಾಲ್ಕು ಜನ ತೀರ್ಕೊಂಡ್ರು. 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಬದಿ ಬಿತ್ತು. ಅವೆರಡೂ ನೂರು ವರ್ಷ ದಾಟಿದ ಹಳೇ ಕಟ್ಟಡಗಳು, ನಮ್ಮ ಹೊಸ ಮನೆಗಳಿಗೆ ಹೋಲಿಸೋಕಾಗಲ್ಲ ಅನ್ನೋದು ನಿಜ, ಆದ್ರೆ ಲ್ಯಾನ್ಸ್‌ಡೌನಿನ ಅಂಗಡಿ ಸಾಲಲ್ಲಿ ಪುಸ್ತಕ ತಗೊಂಡು ಬೆಳೆದ ಊರಿನೋರಿಗೆ ಕಟ್ಟಡ ಅಂದ್ರೆ ಅದರ ಕೆಳಗೆ ಜನ ಇರ್ತಾರೆ ಅನ್ನೋದು ಮರೆಯೋಕಾಗಲ್ಲ.

ಈಗೆಲ್ಲ ಸಾಫ್ಟ್‌ವೇರೇ ಮಾಡುತ್ತಲ್ಲ, ಇನ್ನು ನೀವೇನ್ ಮಾಡೋದು?

ಸಾಫ್ಟ್‌ವೇರ್ ನೀವು ಕೊಟ್ಟಿದ್ದಕ್ಕೆ ಲೆಕ್ಕ ಹಾಕುತ್ತೆ, ತಪ್ಪು ಕೊಟ್ರೆ ತಪ್ಪನ್ನೇ ಅಷ್ಟೇ ಚೆನ್ನಾಗಿ ಲೆಕ್ಕ ಹಾಕಿ ಕೊಡುತ್ತೆ. ಗೋಡೆ ಭಾರ ಹಾಕೋದು ಮರೆತ್ರೆ ಅದು ಕೇಳಲ್ಲ. ಅದಕ್ಕೆ ಕೈಲಿ ಒಂದು ಅಂದಾಜು ಲೆಕ್ಕ ಯಾವಾಗ್ಲೂ ಮಾಡಿ: ಎಷ್ಟು ಚದರ, ಎಷ್ಟು ಅಂತಸ್ತು, ಈ ಪಿಲ್ಲರಿಗೆ ಎಷ್ಟು ಪಾಲು ಬರ್ಬೋದು. ಕಂಪ್ಯೂಟರ್ ಹೇಳಿದ್ದಕ್ಕೂ ನಿಮ್ಮ ಅಂದಾಜಿಗೂ ಅಜಗಜಾಂತರ ಇದ್ರೆ ಎಲ್ಲೋ ಏನೋ ತಪ್ಪಿದೆ, ಹುಡುಕಿ.

ಮಣ್ಣನ್ನಂತೂ ಸಾಫ್ಟ್‌ವೇರ್ ಬಂದು ನೋಡಲ್ಲ. ಮೈಸೂರು ಸುತ್ತ ಹೆಚ್ಚು ಕಡೆ ಕೆಂಪು ಮಣ್ಣು, ಒಳ್ಳೇದು, ಆದ್ರೆ ನಂಜನಗೂಡು ದಾಟಿ ಚಾಮರಾಜನಗರದ ಕಡೆ ಹೋದ್ರೆ ಅಲ್ಲಲ್ಲಿ ಎರೆ ಮಣ್ಣು ಸಿಗುತ್ತೆ, ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ, ಅದರ ಮೇಲೆ ಮಾಮೂಲಿ ಪಾಯ ಹಾಕಿದ್ರೆ ಎರಡು ಮಳೆಗಾಲಕ್ಕೆ ಗೋಡೆ ಸೀಳು. ನಾಲೆ ಬಯಲಿನ ಗದ್ದೆ ತುಂಬಿಸಿ ಮಾಡಿದ ಲೇಔಟ್ ಇನ್ನೂ ಜೋಪಾನ.

ಮೇಸ್ತ್ರಿಗಳು ನಮ್ಮ ಮಾತು ಕೇಳ್ತಾರಾ?

ಕೇಳ್ತಾರೆ, ನೀವು ಯಾಕೆ ಅಂತ ಹೇಳಿದ್ರೆ. ಬಾಲ್ಕನೀಲಿ ಮೇನ್ ಕಂಬಿ ಮೇಲ್ಗಡೆ ಇರ್ಬೇಕು, ಸುಮಾರು ಸೈಟಲ್ಲಿ ಕೆಳಗಡೆ ಹಾಕಿಬಿಡ್ತಾರೆ, ಇಲ್ಲಾ ಮೇಲೆ ಕಟ್ಟಿದ್ರೂ ಕಾಂಕ್ರೀಟ್ ಹಾಕೋವಾಗ ತುಳಿದು ತುಳಿದು ಕೆಳಕ್ಕೆ ಇಳಿಸ್ತಾರೆ. ಸುಮ್ನೆ ತಪ್ಪು ಅಂದ್ರೆ ಸಿಟ್ಟಾಗ್ತಾರೆ. ನಾನು ಒಂದು ತೊಗರಿ ಕಡ್ಡಿನೋ ಪೈಪೋ ತಗೊಂಡು ಒಂದು ತುದಿ ಹಿಡಿದು ಇನ್ನೊಂದು ತುದಿ ಬಗ್ಗಿಸಿ ತೋರಿಸ್ತೀನಿ, ಮೇಲ್ಗಡೆ ಎಳ್ಕೊಳುತ್ತೆ, ಕೆಳಗಡೆ ಅಮುಕ್ಕೊಳುತ್ತೆ, ಕಾಂಕ್ರೀಟು ಅಮುಕಿದ್ರೆ ತಡೀತದೆ, ಎಳೆದ್ರೆ ಬಿರಿಯುತ್ತೆ, ಅದಕ್ಕೆ ಎಳೆಯೋ ಕಡೆ ಕಂಬಿ. ಒಂದ್ಸಲ ಅರ್ಥ ಆದ್ರೆ ಆ ಮೇಸ್ತ್ರಿ ಜೀವನದಲ್ಲಿ ಮತ್ತೆ ತಪ್ಪಲ್ಲ, ಬೇರೆಯೋರಿಗೂ ಹೇಳ್ಕೊಡ್ತಾರೆ. ಮಳವಳ್ಳಿ ಕಡೆಯ ಒಬ್ರು ಬಾರ್ ಬೆಂಡರ್ ಇದಾರೆ, ಓದಿರೋದು ನಾಲ್ಕನೇ ಕ್ಲಾಸು, ನನ್ನ ಡ್ರಾಯಿಂಗಲ್ಲಿ ಪಿಲ್ಲರ್ ಬೀಮ್ ಸೇರೋ ಕಡೆ ಕಂಬಿ ತುಂಬಾ ಒತ್ತೊತ್ತಾಗಿ ಜಲ್ಲಿ ಇಳಿಯಲ್ಲ ಅಂತ ಫೋನ್ ಮಾಡಿ ಹೇಳಿದ್ರು, ಅವರು ಹೇಳಿದ್ದೇ ಸರಿ, ತಿದ್ದಿ ಕಳಿಸ್ದೆ.

ಕಾಂಕ್ರೀಟಿಗೆ ನೀರು ಜಾಸ್ತಿ ಸುರಿಯೋದು ಮಾತ್ರ ಎಷ್ಟು ಹೇಳಿದ್ರೂ ಮುಗಿಯದ ಜಗಳ.

ಹೆಣ್ಣುಮಕ್ಕಳಿಗೆ ಸೈಟ್ ಕೆಲ್ಸ ಕಷ್ಟನಾ?

ಮೆಟ್ಟಿಲಿಲ್ಲದ ಬಿಲ್ಡಿಂಗ್ ಹತ್ತೋದು ಕಷ್ಟ ಅಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಟಾಯ್ಲೆಟ್ ಇಲ್ಲದಿರೋದು ಕಷ್ಟ. ಅದಕ್ಕಂತ ನೀರು ಕುಡಿಯದೇ ಇದ್ದು ಆರೋಗ್ಯ ಕೆಡಿಸ್ಕೊಂಡಿದ್ದೆ, ನೀವು ಹಂಗೆ ಮಾಡ್ಬೇಡಿ, ಸೈಟ್ ಶುರುವಾಗೋ ಮುಂಚೆನೇ ತಾತ್ಕಾಲಿಕ ಟಾಯ್ಲೆಟ್ ಆಗ್ಲೇಬೇಕು ಅಂತ ಕೇಳಿ. ಗಾರೆ ಕೆಲ್ಸದ ಹೆಂಗಸರಿಗೂ ಅದು ಬೇಕು, ಅವರು ಬಾಯಿಬಿಟ್ಟು ಕೇಳಲ್ಲ. ಮಾತಿನ ವಿಷಯಕ್ಕೆ ಬಂದ್ರೆ, "ಸರ್ ಬರಲ್ವಾ" ಅಂತ ಮೊದಲ ವಾರ ಕೇಳ್ತಾರೆ, ಒಂದ್ಸಲ ತಪ್ಪು ಹಿಡಿದು ನಿಲ್ಸಿದ ಮೇಲೆ ಆಮೇಲೆ ಕೇಳಲ್ಲ.

ವಿಶ್ವೇಶ್ವರಯ್ಯನೋರು ಕೆಲ್ಸ ಮಾಡಿದ ಊರು ಅಂತ ಹೇಳ್ಕೊಳೋದು ಬರೀ ಸೆಪ್ಟೆಂಬರ್ 15ರ ಎಂಜಿನಿಯರ್ಸ್ ಡೇಗಾ?

ನಮಗೆ ಬರೀ ಫೋಟೋ ಅಲ್ಲ ಅದು. ನಮ್ಮಜ್ಜಿ ಊರು ಪಾಂಡವಪುರದ ಹತ್ರ, ವಿಸಿ ನಾಲೆ, ಅಂದ್ರೆ ವಿಶ್ವೇಶ್ವರಯ್ಯ ನಾಲೆ, ಅದರ ನೀರು ಬಂದ್ರೆ ಭತ್ತ ಕಬ್ಬು, ಇಲ್ಲಾಂದ್ರೆ ರಾಗಿ. ಕೆಆರ್‌ಎಸ್ ಕೆಲ್ಸ 1911ರಲ್ಲಿ ಶುರುವಾಗಿ ಮುಗಿಯೋಕೆ ಇಪ್ಪತ್ತು ವರ್ಷ ಹಿಡೀತು, ಸಿಮೆಂಟ್ ಬದಲು ಸುಣ್ಣ ಮತ್ತೆ ಸುಟ್ಟ ಇಟ್ಟಿಗೆ ಪುಡಿ ಸೇರಿಸಿದ ಸುರ್ಕಿ ಗಾರೇಲಿ ಕಲ್ಲು ಕಟ್ಟಿದ್ರು, ಎರಡೂವರೆ ಕಿಲೋಮೀಟರ್‌ಗೂ ಉದ್ದದ ಕಟ್ಟೆ, 124.80 ಅಡಿ ತುಂಬಿದ್ರೆ ಇವತ್ತೂ ಎರಡು ಜಿಲ್ಲೆಯ ಜನ ನೆಮ್ಮದಿಯಾಗಿ ಮಲಗ್ತಾರೆ. ಕೆಲ್ಸ ಶುರು ಮಾಡಿದ ಎಂಜಿನಿಯರ್‌ಗಳಲ್ಲಿ ಎಷ್ಟೋ ಜನ ಮುಗಿಯೋ ಹೊತ್ತಿಗೆ ಬೇರೆ ಕೆಲ್ಸಕ್ಕೆ ಹೋಗಿರ್ತಾರೆ, ರಿಟೈರ್ ಆಗಿರ್ತಾರೆ, ಹೆಸರು ಗೊತ್ತಿರೋದು ಒಬ್ಬಿಬ್ರದ್ದು ಮಾತ್ರ. ಕಟ್ಟೆ ಮೇಲಿಂದ ನೀರು ನೋಡುವಾಗ ನನಗೆ ಆ ಹೆಸರು ಗೊತ್ತಿಲ್ಲದೋರೇ ನೆನಪಾಗ್ತಾರೆ, ರಾತ್ರಿ ದೀಪದಲ್ಲಿ ಕೂತು ಯಾರದೋ ಲೆಕ್ಕ ಇನ್ನೊಂದ್ಸಲ ತಾಳೆ ನೋಡಿದೋರು.

ಬೆಂಗಳೂರಿಗೆ ಹೋಗ್ಲಾ, ಇಲ್ಲೇ ಇರ್ಲಾ?

ಎತ್ತರದ ಬಿಲ್ಡಿಂಗು, ಮೆಟ್ರೋ, ದೊಡ್ಡ ಬ್ರಿಡ್ಜು ಕಲೀಬೇಕು ಅಂದ್ರೆ ಹೋಗಿ, ಇಲ್ಲಿ ಅದು ಸಿಗಲ್ಲ. ಇಲ್ಲಿ ಸಿಗೋದು ಬೇರೆ: ಮೊದಲ ವರ್ಷನೇ ಪಾಯದಿಂದ ನೀರಿನ ಟ್ಯಾಂಕ್ ತನಕ ಒಂದಿಡೀ ಬಿಲ್ಡಿಂಗ್ ನಿಮ್ಮ ಕೈಲಿರುತ್ತೆ, ದೊಡ್ಡ ಕಂಪನೀಲಿ ಎರಡು ವರ್ಷ ಬರೀ ಮೆಟ್ಟಿಲು ಡಿಸೈನ್ ಮಾಡಿದೋರು ನನಗೆ ಗೊತ್ತು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ದಿನಾ ಓಡಾಡ್ತೀನಿ ಅನ್ನೋರಿದಾರೆ, 118 ಕಿಲೋಮೀಟರ್ ಹೋಗಿ ಬೆಂಗಳೂರು ಒಳಗೆ ಇನ್ನೊಂದೂವರೆ ಗಂಟೆ ಟ್ರಾಫಿಕ್ಕಲ್ಲಿ ನಿಂತು ಬಂದೋರ ತಲೆ ಸಂಜೆ ಲೆಕ್ಕಕ್ಕೆ ಓಡಲ್ಲ. ಮೊದಲು ಇಲ್ಲಿ ಮೂರು ವರ್ಷ ಕಲ್ತು ಆಮೇಲೆ ಹೋಗಿ, ನನ್ನ ಅಭಿಪ್ರಾಯ ಇದು.

ಇಂಟರ್‌ವ್ಯೂಲಿ ನಾವು ಏನ್ ಕೇಳ್ಬೇಕು?

ಒಂದೇ ಪ್ರಶ್ನೆ. "ನಾನು ಮಾಡಿದ ಡ್ರಾಯಿಂಗ್ ಯಾರು ಚೆಕ್ ಮಾಡ್ತಾರೆ, ಅದಕ್ಕೆ ಎಷ್ಟು ಟೈಮ್ ಇರುತ್ತೆ?" ಅವರು ತಡಬಡಾಯಿಸಿದ್ರೆ, ಇಲ್ಲಾ ನೀವೇ ಜವಾಬ್ದಾರಿ ತಗೋಬೇಕು ಅಂತ ದೊಡ್ಡ ಮಾತಾಡಿದ್ರೆ, ಸಂಬಳ 5 ಸಾವಿರ ಜಾಸ್ತಿ ಇದ್ರೂ ಬೇಡ ಅಂತೀನಿ. ಗೋಡೆ ಮೇಲೆ ಹಳೇ ಪ್ರಿಂಟ್ ನೇತಾಕಿದ್ರೆ ನೋಡಿ, ಅದರಲ್ಲಿ ಕೆಂಪು ಗುರುತಿದ್ರೆ ಒಳ್ಳೇ ಜಾಗ.

ಯಾವಾಗ ಬಿಡ್ಬೇಕು ಅಂತ ಹೆಂಗ್ ಗೊತ್ತಾಗುತ್ತೆ?

ನಿಮಗೆ ಸರಿ ಅನ್ನಿಸದ ಶೀಟಿಗೆ ಸೈನ್ ಹಾಕು ಅಂತ ಎರಡನೇ ಸಲ ಹೇಳಿದ ದಿನ ಬಿಡಿ. ಬೇರೆ ಕಾರಣಕ್ಕಾದ್ರೆ ಸ್ವಲ್ಪ ಯೋಚನೆ ಮಾಡಿ, 10 ಜನ ಇಲ್ಲಾ ಅದಕ್ಕಿಂತ ಜಾಸ್ತಿ ಇರೋ ಆಫೀಸಲ್ಲಿ ಪರ್ಮನೆಂಟ್ ಆಗಿದ್ದು 5 ವರ್ಷ ತುಂಬಿದ್ರೆ ಗ್ರಾಚ್ಯುಟಿ ಬರುತ್ತೆ, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ನಾಲ್ಕೂ ಕಾಲು ವರ್ಷಕ್ಕೆ ಬಿಟ್ಟು ಕಳ್ಕೊಂಡೋರು ಇದಾರೆ.

ಮೊದಲ ದಿನ ಏನ್ ತಗೊಂಡು ಹೋಗ್ಲಿ?

ಗಟ್ಟಿ ಶೂ, 5 ಮೀಟರ್ ಟೇಪು, ಚಿಕ್ಕ ನೋಟ್‌ಬುಕ್ಕು, ಎರಡು ಕೆಂಪು ಪೆನ್. ಹೆಲ್ಮೆಟ್ ಆಫೀಸಿನೋರು ಕೊಡ್ಬೇಕು, ಕೊಡ್ಲಿಲ್ಲ ಅಂದ್ರೆ ಕೇಳಿ ಇಸ್ಕೊಳಿ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನ ಬರ್ಕೊಳಿ: ಕಂಬಿಯ ಡಯಾ, ಅಂದ್ರೆ ಎಂಎಂ ಲೆಕ್ಕದಲ್ಲಿ ಅದರ ದಪ್ಪ, ವರ್ಗ ಮಾಡಿ 162ರಿಂದ ಭಾಗಿಸಿದ್ರೆ ಒಂದು ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ. 8 ಎಂಎಂ ಹತ್ತತ್ರ 0.4, 12 ಎಂಎಂ 0.89, 16 ಎಂಎಂ 1.58. ಸೈಟಲ್ಲಿ ಕಂಬಿ ಲೋಡ್ ಇಳಿದ ದಿನ ಒಂದು ಮೀಟರ್ ತುಂಡು ಕಟ್ ಮಾಡಿಸಿ ಪಕ್ಕದ ಅಂಗಡಿ ತಕ್ಕಡೀಲಿ ತೂಗಿಸಿ, ಬಂದಿದ್ದನ್ನ ಆ ಪುಟದಲ್ಲೇ ತಾರೀಕು ಹಾಕಿ ಬರ್ದಿಡಿ.